ದೇವರಾಯನದುರ್ಗದ ಮೇಲೆ ಬಿಸಿ ಮುದ್ದೆ: ನನ್ನ ಅನುಭವ

ಬೈಕ್‌ನಲ್ಲಿ ಮುದ್ದೆ-ಸಾರು ಕಟ್ಟಿಕೊಂಡು ಬೆಟ್ಟಕ್ಕೆ ಹೋಗೋದು ಆಗದ ಮಾತು ಅಂತ ನಮ್ಮ ಗುಂಪಿನವರೆಲ್ಲ ಹೇಳುತ್ತಿದ್ದರು. "ಸುಮ್ನೆ ಬಾರಪ್ಪ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ರಾಯ್ತು" ಅನ್ನೋರು. ಈ ಜನವರಿಯಲ್ಲಿ ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟದ ಬಂಡೆ ಮೇಲೆ ಕೂತು ಮುದ್ದೆ ಮುರಿದರೆ ಒಳಗಿಂದ ಹಬೆ ಬಂತು. ಹಾಗಂದವರೇ ಎರಡನೇ ಮುದ್ದೆಗೆ ಕೈ ಚಾಚಿದರು.

ಬೆಂಗಳೂರಿಂದ ದಾಬಸ್‌ಪೇಟೆ, ಊರ್ಡಿಗೆರೆ ದಾರಿಯಲ್ಲಿ ಹೆಚ್ಚುಕಮ್ಮಿ 70 ಕಿ.ಮೀ. ಬೆಟ್ಟದ ನರಸಿಂಹಸ್ವಾಮಿ ದರ್ಶನ, ಕೆಳಗಿನ ನಾಮದ ಚಿಲುಮೆ ಅನ್ನೋ ಒರತೆ ಎಲ್ಲ ಸೇರಿದರೆ ಊಟಕ್ಕೆ ಕೂರೋದು ಒಂದು ಗಂಟೆಗೆ. ಅಂದರೆ ಮನೆಯಲ್ಲಿ ಕಟ್ಟಿದ ಮೇಲೆ ಐದು ಗಂಟೆ ಹೊತ್ತು ಬಿಸಿ ಉಳಿಯಬೇಕು. ಅಲ್ಲೇ ಬೇಯಿಸೋಣ ಅಂದರೆ ಅದು ಕಾಡು, ಬೆಂಕಿ ಹಚ್ಚುವಂತಿಲ್ಲ.

ಮೊದಲು ಸೈಡ್ ಬ್ಯಾಗಿನಲ್ಲಿಟ್ಟು ನೋಡಿದೆವು. ಬ್ಯಾಗ್ ಸೈಲೆನ್ಸರ್‌ಗೆ ತಾಗಿ ಕರಗಿತು, 900 ರೂಪಾಯಿ ಹೋಯಿತು. ಆಮೇಲೆ ಕ್ಯಾರಿಯರ್ ಮೇಲೆ ಕಟ್ಟಿದೆವು. ಹಿಂದಿನ ಚಕ್ರ ಹಂಪ್ ಹತ್ತಿದಾಗಲೆಲ್ಲ ಪಾತ್ರೆ ಎಗರಿ, ಸಾರೆಲ್ಲ ನಂಬರ್ ಪ್ಲೇಟ್ ಮೇಲೆ ಸುರಿಯಿತು. ಬೆನ್ನಿನ ಬ್ಯಾಗಿನಲ್ಲಿ ತಂದಾಗ ಸಾರೇನೋ ಉಳಿಯಿತು, ಮುದ್ದೆ ಮಾತ್ರ ಕಲ್ಲಾಗಿತ್ತು.

ಕೊನೆಗೆ ಗೆದ್ದಿದ್ದು ಹೀಗೆ. ಒಂದು ಸ್ಪ್ಲೆಂಡರ್‌ನಲ್ಲಿ ಹಿಂದೆ ಯಾರನ್ನೂ ಕೂರಿಸಲಿಲ್ಲ. ಸೀಟಿನ ಮೇಲೆ ಗೋಣಿಚೀಲ ನಾಲ್ಕು ಮಡಿಕೆ ಮಡಚಿ, ಅದರ ಮೇಲೆ ಹಾಟ್ ಬಾಕ್ಸ್. ಓಡಿಸುವವನ ಬೆನ್ನಿಗೆ ಒತ್ತಿಕೊಂಡೇ ಇರಬೇಕು, ಹಿಂದಕ್ಕೆ ಹೋದಷ್ಟೂ ಎಗರಾಟ ಜಾಸ್ತಿ. ಪಂಕ್ಚರ್ ಅಂಗಡಿಯಲ್ಲಿ ಹಳೇ ಸೈಕಲ್ ಟ್ಯೂಬ್ ಸೀಳಿಸಿ ಅಡ್ಡಡ್ಡ ಬಿಗಿದೆ. 30 ರೂಪಾಯಿಯೋ ಏನೋ ಕೊಟ್ಟೆ. ನೈಲಾನ್ ಹಗ್ಗ ಸಡಿಲವಾಗುತ್ತೆ, ಟ್ಯೂಬ್ ಆಗಲ್ಲ.

ಹಾಟ್ ಬಾಕ್ಸ್‌ಗೆ ಮೊದಲು ಕುದಿಯುವ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ. ಮುದ್ದೆ ಸಣ್ಣದಾಗಿರಲಿ, ಒಂದೊಂದನ್ನೂ ಬಾಡಿಸಿದ ಬಾಳೆ ಎಲೆಯಲ್ಲಿ ಸುತ್ತಿ ಸಂದಿಲ್ಲದ ಹಾಗೆ ತುಂಬಿ. ಖಾಲಿ ಜಾಗ ಉಳಿದರೆ ಬಟ್ಟೆ ತುರುಕಿ. ಹಿಟ್ಟಿಗೆ ಎಷ್ಟು ನೀರು, ಎಸರಿಗೆ ಇನ್ನೇನು ಹಾಕಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಅವರೆಕಾಳು ಸಾರು ಗಟ್ಟಿಯಾಗಿ ಮಾಡಿ, ಫ್ಲಾಸ್ಕಿನ ಬಿಸಿನೀರನ್ನು ಅಲ್ಲೇ ಬೆರೆಸಿದರೆ ಚೆಲ್ಲುವ ಭಯವಿಲ್ಲ.

ಬೆಟ್ಟದ ಮೇಲೆ ಕೋತಿಗಳ ಕಾಟ ಬೇರೆ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು, ಮರದಿಂದ ಇಳಿದುಬಿಡುತ್ತವೆ. ಒಂದು ಕವರನ್ನೂ ಒಯ್ಯಲಿಲ್ಲ, ಎಲ್ಲ ಸ್ಟೀಲ್ ಡಬ್ಬಿ. ದೇವಸ್ಥಾನದ ಮೆಟ್ಟಿಲ ಹತ್ತಿರ ಬಿಚ್ಚಲೂ ಇಲ್ಲ. ನಾವು ಕೂತ ಬಂಡೆ ಎಲ್ಲಿದೆ ಅಂತ ಕೇಳಬೇಡಿ, ಜನ ಜಾಸ್ತಿಯಾದರೆ ಕೋತಿಗಳೂ ಬರುತ್ತವೆ.

ಖರ್ಚು: ಹಾಟ್ ಬಾಕ್ಸ್‌ಗೆ 1,200 ಚಿಲ್ಲರೆ, ಅದು ಒಂದೇ ಸಲದ್ದು. ಪೆಟ್ರೋಲ್ ಬೈಕಿಗೆ 250 ರೂಪಾಯಿ ಆಸುಪಾಸು. ಊಟಕ್ಕೆ ತಲೆಗೆ 60-70 ಬಿದ್ದಿರಬೇಕು. ಹೈವೇ ಹೋಟೆಲಿನಲ್ಲಿ ಈ ದುಡ್ಡಿಗೆ ಒಂದು ಮಸಾಲೆ ದೋಸೆ ಬರುತ್ತೆ, ಅಷ್ಟೇ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಬಾಟಲಿಯಲ್ಲಿ ಮಜ್ಜಿಗೆ ಒಯ್ದರೆ ಕುಲುಕಿ, ಹುಳಿ ಬಂದು, ಮುಚ್ಚಳ ಹಾರುತ್ತೆ. ಅದಕ್ಕೆ ಮೆತ್ತಗಿನ ಅನ್ನಕ್ಕೆ ಉಗುರುಬೆಚ್ಚಗಿನ ಹಾಲು ಧಾರಾಳವಾಗಿ ಹಾಕಿ, ಒಂದೇ ಚಮಚ ಮೊಸರು ಕಲಸಿ ಮುಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಹದವಾದ ಮೊಸರನ್ನ, ಹುಳಿಯೇ ಇಲ್ಲ. ಉಪ್ಪು ಮಾತ್ರ ತಿನ್ನುವಾಗಲೇ ಹಾಕಿಕೊಳ್ಳಿ.