ಆಯುಷ್ಮಾನ್ ಕಾರ್ಡ್ ಇದೆ, ಮೊದಲು ಎಲ್ಲಿಗೆ ಹೋಗಬೇಕು?

ಆಪರೇಷನ್ ಆಗಬೇಕು ಅಂತ ಡಾಕ್ಟರ್ ಹೇಳಿದ ಕೂಡಲೇ ನಮ್ಮ ಜನ ಗೊತ್ತಿರುವ ಖಾಸಗಿ ಆಸ್ಪತ್ರೆಗೆ ಓಡುತ್ತಾರೆ. ಅಡ್ಮಿಟ್ ಆಗಿ, ಮುಂಗಡ ಕಟ್ಟಿ, ಆಮೇಲೆ ಕಾರ್ಡ್ ಹೊರಗೆ ತೆಗೆಯುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅರಸೀಕೆರೆ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದ ಮೇಲೂ ಊರಿನವರ ಕಾಗದಪತ್ರ ನೋಡಿಕೊಡುತ್ತೇನೆ. ಕಾರ್ಡ್ ಇಲ್ಲದೆ ಸಾಲ ಮಾಡಿದವರಿಗಿಂತ ಕಾರ್ಡ್ ಇದ್ದೂ ಸಾಲ ಮಾಡಿದವರನ್ನೇ ನಾನು ಹೆಚ್ಚು ಕಂಡಿರುವುದು.

ಕೇಂದ್ರದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಶುರುವಾದದ್ದು 2018ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಅದರ ಜೊತೆ ಸೇರಿತು. ಆಯುಷ್ಮಾನ್ ಕಾರ್ಡ್ ಅಂದರೆ ಈ ಯೋಜನೆಯ ಕಾರ್ಡೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಒಂದೊಂದು ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಒಟ್ಟು ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದದ್ದನ್ನು ಅವರೇ ಹೊಂದಿಸಬೇಕು.

ಆರೋಗ್ಯವಾಗಿರುವಾಗಲೇ ಕಾರ್ಡ್ ಮಾಡಿಸಿ. ಗ್ರಾಮ ಒನ್ ಕೇಂದ್ರಕ್ಕೆ ಆಧಾರ್, ರೇಷನ್ ಕಾರ್ಡ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಒಯ್ದರೆ ಆಯಿತು. ಮನೆಯ ಯಜಮಾನನ ಹೆಸರಲ್ಲಿ ಒಂದು ಮಾಡಿಸಿ ಸುಮ್ಮನಾಗಬೇಡಿ, ಪ್ರತಿಯೊಬ್ಬರಿಗೂ ಬೇರೆ ಕಾರ್ಡ್ ಬೇಕು. ಎರಡೂ ಕಾಗದಗಳಲ್ಲಿ ಹೆಸರು ಹೊಂದುತ್ತದೆಯೇ ಎಂದು ಅಕ್ಷರ ಅಕ್ಷರ ಓದಿ ನೋಡಿ. ರೇಷನ್ ಕಾರ್ಡ್‌ನಲ್ಲಿ ‘ರತ್ನಮ್ಮ’, ಆಧಾರ್‌ನಲ್ಲಿ ‘ರತ್ನ ಕೆ’ ಎಂದಿದ್ದರೆ ಇವತ್ತೇ ಸರಿಪಡಿಸಿ. ಹೊಟ್ಟೆನೋವಿನಲ್ಲಿ ಒದ್ದಾಡುವವರನ್ನು ಬೆಂಚಿನ ಮೇಲೆ ಕೂರಿಸಿ ಮಗ ನಾಡಕಚೇರಿಗೆ ಅಲೆಯುವಂತಾಗಬಾರದು.

ಇನ್ನು ರೆಫರಲ್, ಅಂದರೆ ಸರ್ಕಾರಿ ಆಸ್ಪತ್ರೆಯವರು ಬೇರೆ ಆಸ್ಪತ್ರೆಗೆ ಕಳಿಸಿಕೊಡುವ ಶಿಫಾರಸು. ಎಲ್ಲರೂ ಎಡವುವುದು ಇಲ್ಲೇ. ಯೋಜನೆಯ ಚಿಕಿತ್ಸೆಗಳನ್ನು 2ಎ, 2ಬಿ, 3ಎ, 4ಎ ಅಂತ ವಿಂಗಡಿಸಿದ್ದಾರೆ. ಸಾಮಾನ್ಯ ಆಪರೇಷನ್‌ಗಳಾದ 2ಎ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ, 3ಎ ಅಂದರೆ ಕ್ಲಿಷ್ಟ ಮತ್ತು ದೊಡ್ಡ ಚಿಕಿತ್ಸೆಗಳು. ಅವುಗಳ ಸೌಲಭ್ಯ ತಮ್ಮಲ್ಲಿ ಇಲ್ಲವೆಂದು ಸರ್ಕಾರಿ ಆಸ್ಪತ್ರೆಯವರು ರೆಫರಲ್ ಹಾಕಿಕೊಟ್ಟರೆ ಮಾತ್ರ ಯೋಜನೆಯಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ನಡೆಯುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ವರದಿ ಹಿಡಿದು ಮೊದಲು ತಾಲ್ಲೂಕು ಆಸ್ಪತ್ರೆಗೇ ಹೋಗಿ. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟರೆ ಸಾಲದು, ಕಂಪ್ಯೂಟರ್‌ನಲ್ಲಿ ಹಾಕಿಸಿ. ಹೊರಡುವ ಮುಂಚೆ ರೋಗಿಯ ಹೆಸರು, ಕಾಯಿಲೆ, ಚಿಕಿತ್ಸೆಯ ಹೆಸರು ಸರಿಯಿದೆಯೇ ಎಂದು ಅಲ್ಲೇ ನಿಂತು ಓದಿಸಿಕೊಳ್ಳಿ. ಯಾವ ಆಸ್ಪತ್ರೆ ಯಾವ ವಿಭಾಗಕ್ಕೆ ನೋಂದಣಿಯಾಗಿದೆ ಎಂದೂ ಕೇಳಿ. ಹೃದಯದ ಚಿಕಿತ್ಸೆಗೆ ನೋಂದಣಿಯಾದ ಆಸ್ಪತ್ರೆ ಮೂಳೆಗೂ ಆಗಿರಬೇಕೆಂದಿಲ್ಲ.

ಜೀವಕ್ಕೆ ಅಪಾಯವಿದ್ದಾಗ ಇದ್ಯಾವುದೂ ಬೇಡ. 4ಎ ಎಂದರೆ ತುರ್ತು; ರೆಫರಲ್ ಇಲ್ಲದೆಯೇ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಆದರೆ ಎದೆನೋವು ಬಂದರೆ ದೂರದ ದೊಡ್ಡ ಆಸ್ಪತ್ರೆ ಹುಡುಕುತ್ತಾ ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲಿ ಉಚಿತ.

ಖಾಸಗಿ ಆಸ್ಪತ್ರೆಗೆ ಹೋದ ಮೇಲೆ ಮೊದಲು ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗಲು ಅಲ್ಲಿರುವ ಸಿಬ್ಬಂದಿಯನ್ನು ಹುಡುಕಿ. ಚಿಕಿತ್ಸೆಗೆ ಯೋಜನೆಯ ಕಡೆಯಿಂದ ಪೂರ್ವಾನುಮತಿ ಬಂದಿದೆಯೇ ಎಂದು ಆಪರೇಷನ್‌ಗೆ ಮೊದಲೇ ಕೇಳಿ. ನನಗೆ ಗೊತ್ತಿರುವ ಒಂದು ಕುಟುಂಬದ ಕೈಲಿ ‘ಔಷಧಿ ಖರ್ಚು ಬೇರೆ’ ಎಂದು ಹೇಳಿ ರಸೀದಿಯೂ ಇಲ್ಲದೆ ದುಡ್ಡು ಕಟ್ಟಿಸಿಕೊಂಡರು. ಬಿಪಿಎಲ್‌ನವರ ಪ್ಯಾಕೇಜ್‌ನಲ್ಲಿ ಹಾಸಿಗೆ, ಔಷಧಿ, ವೈದ್ಯರ ಶುಲ್ಕ ಎಲ್ಲವೂ ಸೇರಿರುತ್ತದೆ. ಯಾರಾದರೂ ಹಣ ಕೇಳಿದರೆ ‘ರಸೀದಿ ಕೊಡಿ’ ಅನ್ನಿ, ಆಮೇಲೆ 104 ಅಥವಾ 14555ಕ್ಕೆ ಕರೆ ಮಾಡಿ ದೂರು ಕೊಡಿ.

ದಿನಾ ನುಂಗುವ ಶುಗರ್, ಬಿಪಿ ಮಾತ್ರೆಗಳ ಖರ್ಚು ಈ ಕಾರ್ಡ್‌ಗೆ ಸೇರುವುದಿಲ್ಲ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಮಾತ್ರೆ ಬಿಟ್ಟವರೇ ಲಕ್ವಾ ಹೊಡೆದೋ ಕಿಡ್ನಿ ಕೆಟ್ಟೋ ಮುಂದೆ ವಾರ್ಡಿಗೆ ಬರುತ್ತಾರೆ. ವಿಮೆ ಹೊರರೋಗಿಗಳ ಔಷಧಿಗೂ ವಿಸ್ತರಿಸಬೇಕು. ಅಲ್ಲಿಯವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ ಮಾತ್ರೆ ಕೇಳಿ ಪಡೆಯಿರಿ, ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರದಲ್ಲಿ ಕೊಳ್ಳಿ.

ರೆಫರಲ್ ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಸರ್ಕಾರದ ದುಡ್ಡೆಲ್ಲ ಖಾಸಗಿಯವರ ಪಾಲಾಗಿ ನಮ್ಮ ಆಸ್ಪತ್ರೆಗಳು ಬಡವಾಗುತ್ತವೆ. ಆದರೆ ಅರಿವಳಿಕೆ ವೈದ್ಯರ ಹುದ್ದೆ ಖಾಲಿ ಬಿಟ್ಟು ‘ಆಪರೇಷನ್ ಇಲ್ಲೇ ಮಾಡಿಸಿಕೊಳ್ಳಿ’ ಅಂದರೆ ರೋಗಿ ಎಲ್ಲಿಗೆ ಹೋಗಬೇಕು? ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಅದರ ಸದಸ್ಯರು ಯಾರು ಎಂದು ವಿಚಾರಿಸಿ. ಸಭೆಗೆ ಮುಂಚೆ ಲಿಖಿತವಾಗಿ ಎರಡು ಪ್ರಶ್ನೆ ಕೊಡಿ: ಯಾವ ತಜ್ಞರ ಹುದ್ದೆ ಖಾಲಿಯಿದೆ? ಅದರಿಂದಾಗಿ ಕಳೆದ ತಿಂಗಳು ಎಷ್ಟು ಜನರನ್ನು ಹೊರಗೆ ಕಳಿಸಿದಿರಿ? ಅರ್ಜಿಯ ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.