ಪವನಾ ಕೆರಿ ದಂಡಿಮ್ಯಾಲೆ ನಿಮ್ಮ ಟೆಂಟ್ ನೀವ ಹಾಕೂದು ಹ್ಯಾಂಗ?

ಪುಣೆದಾಗ ಥಂಡಿ ಶುರು ಆತಂದ್ರ ಸಾಕು, ಆಫೀಸ್ ಗ್ರೂಪ್‌ನ್ಯಾಗ "ಪವನಾ ಹೋಗೂಣೇನ್ರಪಾ" ಅಂತ ಮೆಸೇಜ್ ಬರ್ತಾವು. ಹೋಗ್ತಾರ, ಯಾರೋ ಹಾಕಿಟ್ಟ ಟೆಂಟ್‌ನ್ಯಾಗ ಮಲಗ್ತಾರ, ಬಾರ್ಬೆಕ್ಯೂ ತಿಂತಾರ, ಡಿಜೆ ಕೇಳ್ತಾರ, ವಾಪಸ್ ಬರ್ತಾರ. ತಪ್ಪೇನಿಲ್ಲ ಬಿಡ್ರಿ, ಆದ್ರ ನನ್ನ ಕೇಳಿದ್ರ ಅದು ಬಟ್ಟಿ ಗ್ವಾಡಿ ಇರೋ ಲಾಡ್ಜು ಅಷ್ಟ.

ಮಜಾಕ್ಕಂತ ಟೆಂಟ್ ಹೊತ್ಕೊಂಡು ಹೋಗೂ ಹುಚ್ಚು ಹಚ್ಚಿದವ್ರೊಳಗ ದೊಡ್ಡ ಹೆಸರು ಲಂಡನ್ನಿನ ಒಬ್ಬ ಟೇಲರ್‌ದು, ಥಾಮಸ್ ಹೈರಮ್ ಹೋಲ್ಡಿಂಗ್ ಅಂತ. 1853ರಾಗ ಸಣ್ಣ ಹುಡುಗ ಇದ್ದಾಗ ಅಮೆರಿಕಾದ ಹುಲ್ಲಬಯಲಿನ್ಯಾಗ ಬಂಡಿ ಸಾಲಿನ ಜೋಡಿ ಹೋಗಿದ್ನಂತ, ಆ ರುಚಿ ಮುಂದ ಬಿಡಲೇ ಇಲ್ಲ, ಸೈಕಲ್ ಮ್ಯಾಲೆ ಒಯ್ಯೂವಂಥ ಹಗುರ ಟೆಂಟ್ ತಯಾರ್ ಮಾಡ್ಕೊಂಡ, 1901ರಾಗ ಸೈಕಲ್ ಕ್ಯಾಂಪಿನವ್ರದೊಂದು ಸಂಘಾನೂ ಕಟ್ಟಿದ. ನಮ್ಮಜ್ಜಿಗೆ ಇದನ್ನ ಹೇಳಿದ್ರ ನಕ್ಕು ಬಿಡ್ತಿದ್ಲು. ಚಕ್ಕಡಿ ಕಟ್ಕೊಂಡು ಸವದತ್ತಿ ಎಲ್ಲಮ್ಮನ ಜಾತ್ರಿಗೆ ಹೋಗಿ ಗಿಡದ ಬುಡಕ್ಕ ಮೂರು ಕಲ್ಲಿಟ್ಟು ಅಡಗಿ ಮಾಡಿದಾಕಿ ಆಕಿ.

ಇರ್ಲಿ, ಕೆಲಸಕ್ಕ ಬರೂಣು. ಲೋನಾವಳಾ ಲೋಕಲ್ ಹತ್ತಿ ಕಾಮಶೇತ್‌ಗೆ ಇಳೀರಿ, ಅಲ್ಲಿಂದ ಪವನಾನಗರ ಕಡೆ ಗಾಡಿ. ಕೆರಿ ಸುತ್ತ ಇರೋದು ಬಹಳಷ್ಟು ರೈತರ ಹೊಲ, ಕೇಳದ ಗೂಟ ಹೊಡೀಬ್ಯಾಡ್ರಿ. ಲೋಹಗಡ ಕೋಟಿ ಮ್ಯಾಲೆ ಹಾಕೂಣು ಅನ್ನೋ ವಿಚಾರ ಇದ್ರ ಬಿಟ್ಟುಬಿಡ್ರಿ, 2025ರಾಗ ಅದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಸೇರೈತಿ.

ಬೆಳಕಿರೂವಾಗನ ಹೋಗ್ರಿ. ನೀರಿಗೆ ಹತ್ತಿಕೊಂಡು ಅಲ್ಲ, ಸ್ವಲ್ಪ ಎತ್ತರದಾಗ ಸಪಾಟ್ ಜಾಗಾ ನೋಡ್ರಿ, ಮೊದಲ ನೀವ ಅಂಗಾತ ಮಲಗಿ ನೋಡ್ರಿ, ಬೆನ್ನಿಗೆ ಚುಚ್ಚೂ ಕಲ್ಲು ಆಗ ಗೊತ್ತಾಗ್ತಾವು. ಕೆಳಗ ತಾಡಪತ್ರಿ ಹಾಸ್ರಿ, ಆದ್ರ ಅದು ಟೆಂಟ್‌ಗಿಂತ ಒಂದೀಟು ಸಣ್ಣದಿರ್ಲಿ, ಹೊರಗ ಚಾಚಿದ್ರ ಮಳಿ ನೀರು ಅದರ ಮ್ಯಾಲೆ ಬಿದ್ದು ಸೀದಾ ನಿಮ್ಮ ಕೆಳಗ ಬರ್ತೈತಿ. ಬಾಗಿಲಾ ಗಾಳಿಗೆ ಬೆನ್ನು ಮಾಡಿರ್ಲಿ. ಗೂಟ ನೆಟ್ಟಗ ಹೊಡೀಬ್ಯಾಡ್ರಿ, ತಲಿ ಟೆಂಟ್‌ನಿಂದ ಆಚೆ ವಾಲಿರ್ಬೇಕು, ಹಗ್ಗ ಜಗ್ಗಿದಷ್ಟು ಗಟ್ಟಿ ಕೂಡ್ತೈತಿ.

ಈಗ ನನ್ನ ಫಜೀತಿ ಕೇಳ್ರಿ. ಮೊದಲನೇ ರಾತ್ರಿ ಥಂಡಿ ಅಂತ ಎಲ್ಲಾ ಕಿಂಡಿ, ಝಿಪ್ಪು ಮುಚ್ಚಿ ಮಲಗಿದ್ವಿ, ನಸುಕಿನ್ಯಾಗ ಮುಖದ ಮ್ಯಾಲೆ ಟಪ್ ಟಪ್ ಹನಿ. "ರೀ, ಮಳಿ ಬಂತು ಏಳ್ರಿ" ಅಂತ ಮನಿಯಾಕಿ ಎಬ್ಬಿಸಿದ್ಲು, ಹೊರಗ ಬಂದು ನೋಡಿದ್ರ ಆಕಾಶ ತುಂಬ ಚಿಕ್ಕಿ! ನಮ್ಮ ಉಸಿರಿನ ಆವಿನ ತಣ್ಣಗಿನ ಬಟ್ಟಿಗೆ ಬಡದು ನೀರಾಗಿ ನಮ್ಮ ಮ್ಯಾಲೆ ಸುರೀತಿತ್ತು. ಅದಕ್ಕ ಎಷ್ಟ ಥಂಡಿ ಇದ್ರೂ ಮ್ಯಾಲಿನ ಕಿಂಡಿ ತೆಗದಿಡ್ರಿ, ಬೇಕಾದ್ರ ಇನ್ನೊಂದು ಕೌದಿ ಹೊದ್ಕೋರಿ. ಮತ್ತ ಥಂಡಿಗಂತ ಟೆಂಟ್ ಒಳಗ ಸಿಗಡಿ, ಸ್ಟೋವ್ ಹಚ್ಚೂದಂತೂ ಬ್ಯಾಡವೇ ಬ್ಯಾಡ, ಅದರಿಂದ ಬರೂ ಕಾರ್ಬನ್ ಮೋನಾಕ್ಸೈಡ್ ಅನ್ನೋ ವಿಷದ ಗಾಳಿಗೆ ವಾಸನಿ ಇಲ್ಲ, ಮಲಗಿದವ್ರು ಏಳೂದಿಲ್ಲ. ಕತ್ತಲಾದ ಮ್ಯಾಲೆ ನೀರಿಗೂ ಇಳೀಬ್ಯಾಡ್ರಿ.

ಊಟಕ್ಕ ನಮಗ ಚಿಂತಿ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಒಲಿನೂ ಬ್ಯಾಡ, ಭಾಂಡೆನೂ ಬ್ಯಾಡ.

ವಾಪಸ್ ಬಂದ ಮ್ಯಾಲೆ ಟೆಂಟ್ ಹಸಿ ಇದ್ದಾಂಗ ಮಡಚಿ ಇಟ್ರ ಬೂಸ್ಟು ಹಿಡಿದು ನಾರ್ತೈತಿ, ಹರವಿ ಒಣಗಿಸಬೇಕು. ನಾವು ಗ್ಯಾಲರಿದಾಗ ಎರಡು ದಿನ ಜೋತು ಹಾಕಿದ್ವಿ, ಬಾಜೂ ಮನಿ ಕಾಕು ಬಂದು ಮರಾಠಿಯೊಳಗ ಕೇಳಿದ್ರು: ಮಂಟಪ ಹಾಕೀರಿ, ಮನ್ಯಾಗ ಏನರ ಕಾರ್ಯಕ್ರಮ ಐತೇನು ಅಂತ.