ಬಾಯ್ಲರ್ ಪಕ್ಕ ಹೊಳೆಯುವ ಕೇಬಲ್ ತುಂಡು ಬಿದ್ದಿದ್ದರೆ ಏನು ಮಾಡಬೇಕು?

ಕಬ್ಬು ಅರೆಯುವ ಸೀಸನ್ ಮುಗಿದರೆ ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ರಿಪೇರಿ ಶುರು. ಬಾಯ್ಲರ್ ಟ್ಯೂಬ್ ಬದಲಿಸುತ್ತಾರೆ, ಪೈಪ್ ಬೆಸೆಯುತ್ತಾರೆ. ಬೆಸುಗೆಯ ಒಳಗೆ ಬಿರುಕು ಇದೆಯಾ, ಗಾಳಿಗುಳ್ಳೆ ಉಳಿದಿದೆಯಾ ಅಂತ ನೋಡಲು ವಿಕಿರಣ ಹಾಯಿಸಿ ಫಿಲ್ಮ್ ತೆಗೆಯುತ್ತಾರೆ. ಇದೇ ಇಂಡಸ್ಟ್ರಿಯಲ್ ರೇಡಿಯೋಗ್ರಫಿ. ಕೆಲಸದವರು ‘ಆರ್‌ಟಿ’ ಅನ್ನುತ್ತಾರೆ. ಮೈಸೂರಿನ ಹೆಬ್ಬಾಳವಿರಲಿ, ಮದ್ದೂರಿನ ಗೆಜ್ಜಲಗೆರೆಯಿರಲಿ, ಒತ್ತಡ ತಡೆಯಬೇಕಾದ ಟ್ಯಾಂಕು, ಪೈಪು ಇರುವಲ್ಲಿ ಈ ಪರೀಕ್ಷೆ ಸಾಮಾನ್ಯ.

ಸರಿಯಾಗಿ ಮಾಡಿದರೆ ಇದರಿಂದ ಅಪಾಯವಿಲ್ಲ. ಆದರೆ ಜಗತ್ತಿನ ದೊಡ್ಡ ಅವಘಡಗಳನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚು ನರಳಿದವರು ತರಬೇತಿ ಪಡೆದ ರೇಡಿಯೋಗ್ರಾಫರ್‌ಗಳಲ್ಲ. ಪಕ್ಕದಲ್ಲಿದ್ದ ವೆಲ್ಡರ್, ಕೂಲಿಯವರು, ದಾರಿಹೋಕ ರೈತ, ಗುಜರಿ ಅಂಗಡಿಯವರು. ಬಿದ್ದದ್ದು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಈ ಲೇಖನ ಅಂಥವರಿಗಾಗಿ.

ಮೊದಲು ಗುರುತು ಹಿಡಿಯಿರಿ

ವಿಕಿರಣ ಕೊಡುವ ವಸ್ತುವಿಗೆ ‘ಸೋರ್ಸ್’ ಅನ್ನುತ್ತಾರೆ. ಅದು ಹೆಚ್ಚಾಗಿ ಇರಿಡಿಯಂ-192. ಅದನ್ನು ಕಡಲೆಕಾಳಿನಷ್ಟು ದಪ್ಪದ ಸ್ಟೀಲ್ ಕ್ಯಾಪ್ಸೂಲಿನಲ್ಲಿ ಮುಚ್ಚಿ, ಬಾಗುವಂಥ ಸಣ್ಣ ಕೇಬಲ್ ತುಂಡಿನ ತುದಿಗೆ ಕೂರಿಸಿರುತ್ತಾರೆ. ಎಲ್ಲಾ ಸೇರಿ ಒಂದು ಗೇಣಿಗಿಂತ ಕಡಿಮೆ ಉದ್ದ. ಇನ್ನೊಂದು ತುದಿಯಲ್ಲಿ ಕೊಂಡಿ. ನೋಡಿದರೆ ಯಾವುದೋ ಬೈಕಿನ ಕೇಬಲ್ ತುಂಡಾಗಿದೆ ಅನ್ನಿಸುತ್ತದೆ. ಬಿಸಿ ಇಲ್ಲ, ವಾಸನೆ ಇಲ್ಲ, ಸದ್ದಿಲ್ಲ.

ಇದನ್ನು ಇಡುವ ಪೆಟ್ಟಿಗೆಗೆ ‘ಕ್ಯಾಮೆರಾ’ ಅನ್ನುತ್ತಾರೆ. ಒಳಗೆ ಯುರೇನಿಯಂ ಲೋಹದ ಕವಚ ಇರುವುದರಿಂದ ಗಾತ್ರಕ್ಕೆ ಮೀರಿದ ಭಾರ. ಮೇಲೆ ಹಳದಿ ಬಣ್ಣದ ಮೇಲೆ ಮೂರು ದಳದ ವಿಕಿರಣ ಚಿಹ್ನೆ ಇರುತ್ತದೆ. 2007ರಲ್ಲಿ ಇನ್ನೊಂದು ಚಿಹ್ನೆಯೂ ಬಂತು: ಕೆಂಪು ತ್ರಿಕೋನದೊಳಗೆ ವಿಕಿರಣದ ಗುರುತು, ತಲೆಬುರುಡೆ, ಓಡುತ್ತಿರುವ ಮನುಷ್ಯ. ಓದು ಬಾರದವರಿಗೂ ‘ಓಡು’ ಅಂತ ಅರ್ಥವಾಗಲಿ ಎಂದೇ ಮಾಡಿದ್ದು.

ಶಾಟ್‌ಗೆ ಮುಂಚೆ

ಒಂದು ಸಲ ವಿಕಿರಣ ಹಾಯಿಸಿ ಫಿಲ್ಮ್ ತೆಗೆಯುವುದಕ್ಕೆ ‘ಶಾಟ್’ ಅನ್ನುತ್ತಾರೆ. ನಿಮ್ಮ ಕಾರ್ಖಾನೆಯಲ್ಲಿ ಆರ್‌ಟಿ ಇದೆ ಅಂದರೆ ಗುತ್ತಿಗೆದಾರರನ್ನು ಕೇಳಿ: ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇದೆಯಾ? ಪ್ರಮಾಣಪತ್ರ ಇರುವ ರೇಡಿಯೋಗ್ರಾಫರ್ ಯಾರು? ವಿಕಿರಣ ಅಳೆಯುವ ಸರ್ವೆ ಮೀಟರ್ ಕೆಲಸ ಮಾಡುತ್ತಾ? ಕೇಳುವುದಕ್ಕೆ ಸಂಕೋಚ ಬೇಡ. ಜಾಗದ ಸುತ್ತ ಹಗ್ಗ ಕಟ್ಟಿ, ಬೋರ್ಡ್ ಹಾಕಿ, ಕಾವಲಿಗೆ ಜನ ನಿಲ್ಲಿಸಬೇಕು. ಆ ಹೊತ್ತಿನಲ್ಲಿ ಶಿಫ್ಟ್‌ನವರು ಹಗ್ಗ ದಾಟಿ ಟೀ ಕುಡಿಯಲು ಹೋಗುವಂತಿಲ್ಲ.

ಹಗ್ಗ ಅಷ್ಟು ದೂರ ಯಾಕೆ? ಲೆಕ್ಕ ನೋಡಿ. 40 ಕ್ಯೂರಿ ಬಲದ ಇರಿಡಿಯಂ ಬಯಲಿಗೆ ಬಂದಿದೆ ಅಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ನಿಂತವರಿಗೆ ಸುಮಾರು 20 ಸೆಕೆಂಡಿನಲ್ಲೇ 1 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಜನಸಾಮಾನ್ಯರಿಗೆ ಇಡೀ ವರ್ಷಕ್ಕೆ ಇರುವ ಮಿತಿಯೇ ಅಷ್ಟು. ಹತ್ತು ಮೀಟರ್ ದೂರಕ್ಕೆ ಸರಿದರೆ ಅದು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬೆರಳಲ್ಲಿ ಹಿಡಿದರೆ ಒಂದು ನಿಮಿಷದೊಳಗೆ ಚರ್ಮ ಸುಡುವಷ್ಟು ವಿಕಿರಣ ಒಳಗೆ ಹೋಗಿರುತ್ತದೆ, ಆದರೆ ಆಗ ಏನೂ ಗೊತ್ತಾಗುವುದಿಲ್ಲ.

ಶಾಟ್ ಮುಗಿದ ಮೇಲೆ: ತಪ್ಪಾಗುವುದು ಇಲ್ಲೇ

ರೇಡಿಯೋಗ್ರಾಫರ್ ದೂರದಿಂದ ಹ್ಯಾಂಡಲ್ ತಿರುಗಿಸಿ ಸೋರ್ಸನ್ನು ಗೈಡ್ ಟ್ಯೂಬ್ ಎಂಬ ಕೊಳವೆಯ ಮೂಲಕ ಬೆಸುಗೆಯವರೆಗೆ ತಳ್ಳುತ್ತಾರೆ. ಸಮಯ ಮುಗಿದ ಮೇಲೆ ವಾಪಸ್ ಎಳೆಯುತ್ತಾರೆ. ಕೊಂಡಿ ಸವೆದಿದ್ದರೆ ಅಥವಾ ಸರಿಯಾಗಿ ಸಿಕ್ಕಿಸದಿದ್ದರೆ ಹ್ಯಾಂಡಲಿನ ಕೇಬಲ್ ಮಾತ್ರ ವಾಪಸ್ ಬರುತ್ತದೆ, ಸೋರ್ಸ್ ಅಲ್ಲೇ ಉಳಿಯುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿತು, ಹಾಗಾದರೆ ಒಳಗೆ ಬಂತು ಅಂತ ನಂಬಿಬಿಡುತ್ತಾರೆ. ಟ್ಯೂಬ್ ಬಿಚ್ಚಿದಾಗ ಅದು ನೆಲಕ್ಕೆ ಬೀಳುತ್ತದೆ.

ಇದನ್ನು ಹಿಡಿಯುವ ಉಪಾಯ ಒಂದೇ. ಪ್ರತಿ ಶಾಟ್ ಆದ ಮೇಲೆ ಸರ್ವೆ ಮೀಟರ್ ಕೈಯಲ್ಲಿ ಹಿಡಿದೇ ಹತ್ತಿರ ಹೋಗಬೇಕು. ಕ್ಯಾಮೆರಾ ಸುತ್ತ, ಆಮೇಲೆ ಟ್ಯೂಬಿನ ಉದ್ದಕ್ಕೂ ತುದಿಯವರೆಗೆ ನೋಡಬೇಕು. ಮುಳ್ಳು ಜಾಸ್ತಿ ಏರಿದರೆ ಹಿಂದೆ ಸರಿಯಬೇಕು. ನಡುರಾತ್ರಿ, ನಿದ್ದೆ, ಇನ್ನೂ ಹತ್ತು ಜಾಯಿಂಟ್ ಬಾಕಿ. ಆಗಲೂ ಇದನ್ನು ಬಿಡುವಂತಿಲ್ಲ. ನಾನು ಫ್ಯಾಕ್ಟರಿ ಮ್ಯಾನೇಜರ್‌ಗಳಲ್ಲಿ ಕೇಳಿಕೊಳ್ಳುವುದಿಷ್ಟೇ: ಬೆಳಗಾಗುವುದರೊಳಗೆ ಮುಗಿಸಿ ಅಂತ ಅವಸರ ಮಾಡಬೇಡಿ.

1999ರ ಫೆಬ್ರುವರಿಯಲ್ಲಿ ಪೆರು ದೇಶದ ಯನಾಂಗೊ ಜಲವಿದ್ಯುತ್ ಕೇಂದ್ರದಲ್ಲಿ ಒಬ್ಬ ವೆಲ್ಡರ್ ಹೀಗೆ ಬಿದ್ದ ಸೋರ್ಸನ್ನು ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡರು. ಗಂಟೆಗಟ್ಟಲೆ ಅದರ ಜೊತೆಗೇ ಕೆಲಸ ಮಾಡಿದರು. ತೊಡೆ ನೋಯತೊಡಗಿದಾಗ ಹುಳ ಕಚ್ಚಿರಬೇಕು ಅಂತ ವೈದ್ಯರು ಹೇಳಿದರು. ಕೊನೆಗೆ ಕಾಲನ್ನೇ ತೆಗೆಯಬೇಕಾಯಿತು. 2000ದಲ್ಲಿ ಈಜಿಪ್ಟಿನ ಮೀತ್ ಹಲ್ಫಾ ಎಂಬ ಹಳ್ಳಿಯ ರೈತರೊಬ್ಬರು ಬೆಲೆಬಾಳುವ ಲೋಹ ಅಂದುಕೊಂಡು ಸೋರ್ಸನ್ನು ಮನೆಗೆ ಒಯ್ದರು. ಅವರೂ ಅವರ ಪುಟ್ಟ ಮಗನೂ ತೀರಿಕೊಂಡರು, ಉಳಿದ ಮನೆಯವರು ಆಸ್ಪತ್ರೆ ಸೇರಿದರು.

ಕಣ್ಣಿಗೆ ಬಿದ್ದರೆ

ಮುಟ್ಟಬೇಡಿ. ಕಾಲಿನಿಂದ ಸರಿಸಬೇಡಿ, ಕಡ್ಡಿಯಿಂದಲೂ ಬೇಡ. ಫೋಟೋ ತೆಗೆಯಲು ಬಗ್ಗುವುದೂ ಬೇಡ. ತಕ್ಷಣ ದೂರ ಹೋಗಿ, ಕನಿಷ್ಠ ಮೂವತ್ತು ಮೀಟರ್. ನಡುವೆ ಗೋಡೆಯಿದ್ದರೆ ಇನ್ನೂ ಒಳ್ಳೆಯದು. ಬೇರೆಯವರು ಹತ್ತಿರ ಹೋಗದಂತೆ ಕೂಗಿ ತಡೆಯಿರಿ, ಎಲ್ಲಾ ದಾರಿಗೂ ಒಬ್ಬೊಬ್ಬರನ್ನು ನಿಲ್ಲಿಸಿ. 112ಕ್ಕೆ ಕರೆ ಮಾಡಿ, ‘ವಿಕಿರಣದ ವಸ್ತು ಬಿದ್ದಿದೆ’ ಅಂತಲೇ ಹೇಳಿ. ಸುಮ್ನೆ ‘ಏನೋ ಕಬ್ಬಿಣ’ ಅಂದರೆ ಬಂದವರು ಕೈಯಲ್ಲೇ ಎತ್ತಿಬಿಟ್ಟಾರು. ಕಾರ್ಖಾನೆಯ ಸೇಫ್ಟಿ ಆಫೀಸರ್‌ಗೂ ಗುತ್ತಿಗೆದಾರರಿಗೂ ತಿಳಿಸಿ. ನಿಯಂತ್ರಣ ಮಂಡಳಿಗೆ ವರದಿ ಮಾಡುವುದು ಅನುಮತಿ ಪಡೆದವರ ಕರ್ತವ್ಯ. ಗುಟ್ಟಾಗಿ ಮುಗಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಮುಟ್ಟಿಬಿಟ್ಟಿದ್ದರೆ

ನೋವಿಲ್ಲ ಅಂತ ಮನೆಗೆ ಹೋಗಬೇಡಿ. ಕೆಂಪು, ಬೊಬ್ಬೆ ಎಷ್ಟೋ ದಿನ ಬಿಟ್ಟು ಬರಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗಿ ಮೂರು ವಿಷಯ ಹೇಳಿ: ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಯಾವ ಕೈಯಲ್ಲಿ ಅಥವಾ ಜೇಬಿನಲ್ಲಿ. ವಾಂತಿ ಬಂದರೆ ಗಂಟೆ ಬರೆದಿಡಿ. ವೈದ್ಯರಿಗೆ ಅದು ಮುಖ್ಯ ಸುಳಿವು. ರಕ್ತಕಣಗಳ ಎಣಿಕೆ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ.

ಮನೆಯವರಿಗೆ ಒಂದು ಮಾತು. ಕ್ಯಾಪ್ಸೂಲ್ ಒಡೆಯದಿದ್ದರೆ ಮುಟ್ಟಿದವರಿಂದ ಬೇರೆಯವರಿಗೆ ಏನೂ ಅಂಟುವುದಿಲ್ಲ. ಅವರನ್ನು ದೂರ ಇಡಬೇಡಿ.

ಸಾಗಣೆ, ಕಳವು, ಗುಜರಿ

ಕ್ಯಾಮೆರಾವನ್ನು ಬೀಗ ಹಾಕಿದ ಕೋಣೆಯಲ್ಲಿಟ್ಟು, ಹೊರಗೆ ತೆಗೆದಾಗ, ಒಳಗಿಟ್ಟಾಗ ರಿಜಿಸ್ಟರಿನಲ್ಲಿ ಬರೆಯಬೇಕು. ಬಸ್ಸಿನ ಲಗೇಜಿನಲ್ಲಿ ಕಳಿಸುವಂತಿಲ್ಲ. ಬೊಲಿವಿಯಾದಲ್ಲಿ 2002ರಲ್ಲಿ, ಸೋರ್ಸ್ ಒಳಗೆ ಬಂದಿಲ್ಲ ಅಂತ ಗೊತ್ತಿಲ್ಲದೆ ಸಾಮಾನನ್ನು ಪ್ರಯಾಣಿಕರ ಬಸ್ಸಿಗೇ ಹಾಕಿಬಿಟ್ಟಿದ್ದರು. ಕ್ಯಾಮೆರಾ ಕಳವಾದರೆ ಆ ಕ್ಷಣವೇ ಪೊಲೀಸರಿಗೂ ಮಂಡಳಿಗೂ ತಿಳಿಸಬೇಕು. ಕದ್ದವರಿಗೆ ಅದು ಬರೀ ಭಾರದ ಪೆಟ್ಟಿಗೆ, ನೇರ ಗುಜರಿಗೇ ಬರುತ್ತದೆ.

ದೆಹಲಿಯ ಮಾಯಾಪುರಿಯಲ್ಲಿ 2010ರಲ್ಲಿ ಆದದ್ದು ರೇಡಿಯೋಗ್ರಫಿ ಸಾಮಾನಿನಿಂದಲ್ಲ, ವಿಶ್ವವಿದ್ಯಾಲಯವೊಂದು ಹರಾಜು ಹಾಕಿದ ಹಳೆ ಯಂತ್ರದಿಂದ. ಅದರೊಳಗಿನ ಕೋಬಾಲ್ಟ್-60 ಗೊತ್ತಿಲ್ಲದೆ ಗುಜರಿಯವರು ಬಿಚ್ಚಿದರು. ಒಬ್ಬರು ತೀರಿಕೊಂಡರು, ಹಲವರು ಆಸ್ಪತ್ರೆ ಸೇರಿದರು. ಹಾಗಾಗಿ ಗುಜರಿ ಅಂಗಡಿಯವರೇ, ಚಿಕ್ಕದಾಗಿದ್ದೂ ತೀರಾ ಭಾರವಿರುವ, ಸೀಸದ ಕವಚ ಕಾಣುವ, ಮೂರು ದಳದ ಗುರುತಿರುವ ಯಾವ ಪೆಟ್ಟಿಗೆಯನ್ನೂ ಕಟರ್ ಹಾಕಿ ತೆರೆಯಬೇಡಿ. ಗುರುತು ಅಳಿಸಿದ್ದರೂ ಅನುಮಾನ ಇರಲಿ. ತಂದವರ ಹೆಸರು, ಫೋನ್ ನಂಬರ್, ಗಾಡಿ ನಂಬರ್ ಬರೆದುಕೊಂಡು, ಪೆಟ್ಟಿಗೆಯಿಂದ ದೂರ ಹೋಗಿ 112ಕ್ಕೆ ಫೋನ್ ಮಾಡಿ. ಆ ಎರಡೂ ಚಿಹ್ನೆಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ತೂಕದ ಯಂತ್ರದ ಮೇಲಿನ ಗೋಡೆಗೆ ಅಂಟಿಸಿ. ಆಯುವ ಹುಡುಗರು ಮಾಲು ತಂದು ಮೊದಲು ನಿಲ್ಲುವುದು ಅಲ್ಲೇ ಅಲ್ವಾ.